ಅಜ್ಜನವರು ಹೊದ್ದ ಸಂತೆಯ ಕಂಬಳಿ

ನೆಗ್ಗಿಲಹಾಳದ ಹೊರಗೆ, ಕುರಿಗಳು ನೀರಿಗಿಳಿಯುವ ಹಳ್ಳದ ದಂಡೆಯ ಮೇಲೆ, ನಾಲ್ಕು ಕಲ್ಲುಕಂಬ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಒಂದು ಮಂಟಪವಿತ್ತು. ಪೂಜ್ಯ ಮುದಿಯಪ್ಪಜ್ಜನವರು ತಮ್ಮ ಜೀವಿತದ ಕೊನೆಯ ಇಪ್ಪತ್ತೆರಡು ವರ್ಷಗಳನ್ನು ಅಲ್ಲಿಯೇ ಕಳೆದರು. ಗೋಡೆಯಿಲ್ಲದ ಆ ಮಂಟಪದಲ್ಲಿ ಅವರದೆಂದು ಹೇಳಬಹುದಾಗಿದ್ದದ್ದು ಒಂದು ಮಣ್ಣಿನ ಗಡಿಗೆ, ಒಂದು ಕಟ್ಟಿಗೆಯ ಬಟ್ಟಲು ಮತ್ತು ಹೆಗಲ ಮೇಲಿನ ಕಂಬಳಿ. ಹಗಲೆಲ್ಲ ಅವರು ಪುಂಡಿನಾರು ಹೊಸೆದು ಹಗ್ಗ ಮಾಡುತ್ತಿದ್ದರು. ದನದ ಕಣ್ಣಿ ಹರಿದವರು, ಬಾವಿಯ ಹಗ್ಗ ಸವೆದವರು ಬಂದು ಕೇಳಿ ಒಯ್ಯುತ್ತಿದ್ದರು. ಯಾರಾದರೂ ಪಾದ ಮುಟ್ಟಿ, "ಏನಾರ ಉಪದೇಶ ಮಾಡ್ರಿ ಅಜ್ಜಾರ" ಎಂದರೆ, ಹೊಸೆಯುತ್ತಿದ್ದ ಹಗ್ಗದ ಇನ್ನೊಂದು ತುದಿಯನ್ನು ಅವರ ಕೈಗೆ ಕೊಟ್ಟು, "ಬಿಗಿಯಾಗಿ ಹಿಡಿ" ಎನ್ನುತ್ತಿದ್ದರು. ಹಗ್ಗ ಮುಗಿಯುವ ತನಕ ಬಂದವರು ಹಿಡಿದು ನಿಲ್ಲಬೇಕು. ಉಪದೇಶ ಅಷ್ಟೇ.

ಆ ಊರಿನಲ್ಲಿ ಕಂಬಳಿ ನೇಯುವ ಮನೆಗಳೇ ಹೆಚ್ಚು. ಗಂಡಸರು ಕುಣಿಮಗ್ಗದಲ್ಲಿ ಕುಳಿತು ನೇಯುವುದು. ಹೆಂಗಸರು ಉಣ್ಣೆ ಹಿಂಜಿ ನೂಲುವುದು, ಗಂಜಿ ಕಾಯಿಸುವುದು, ಅಂಚು ಹೊಲಿಯುವುದು. ಮಳೆಗಾಲ ಹಿಡಿಯುವ ಮೊದಲು, ಕಾರಹುಣ್ಣಿಮೆಯ ದಿನ, ಅಜ್ಜನವರಿಗೆ ಹೊಸ ಕಂಬಳಿ ಹೊದಿಸುವುದು ಅಲ್ಲಿಯ ಪದ್ಧತಿ. ಆ ಸೇವೆ ಮೊದಲಿನಿಂದಲೂ ಮಾಳಪ್ಪನ ಮನೆಯದು. ಹೆಸರು ಮಾಳಪ್ಪನದಾದರೂ ಸೇವೆಯೆಲ್ಲ ಅವನ ಹೆಂಡತಿ ಹೊಳಿಯವ್ವನದು.

ಹೊಳಿಯವ್ವನ ಭಕ್ತಿಯ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಅಜ್ಜನವರ ಕಂಬಳಿಗೆಂದು ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯನ್ನು ಬೇರೆ ತೆಗೆದಿಡುತ್ತಿದ್ದಳು. ಸ್ನಾನ ಮಾಡಿ, ಹಣೆಗೆ ದೇವರ ಅರಿಸಿನ, ಅಂದರೆ ಭಂಡಾರ, ಹಚ್ಚಿಕೊಂಡು, ದಿನಕ್ಕೆ ಇಷ್ಟೆಂದು ಹತ್ತು ತಿಂಗಳು ನೂಲುತ್ತಿದ್ದಳು. ಆ ನೂಲಿನಿಂದ ಮಾಳಪ್ಪ ನೇಯ್ದ ಕಂಬಳಿಯನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ ಸೂಜಿಮೊನೆಯಷ್ಟು ಬೆಳಕೂ ಈಚೆ ಬರುತ್ತಿರಲಿಲ್ಲ. ಕೊನೆಗೆ ಒಂದು ಮೂಲೆಯಲ್ಲಿ ಕೆಂಪು ನೂಲಿನಿಂದ ಮೂರು ಗಂಟು ಹಾಕುತ್ತಿದ್ದಳು. ಅದು ಅವರ ಮನೆಯ ಎಲ್ಲ ಕಂಬಳಿಗಳ ಗುರುತು. ಪ್ರತಿ ಮನೆಗೂ ಹಾಗೆ ಒಂದೊಂದು ಗುರುತು ಇರುತ್ತಿತ್ತು.

ಕಂಬಳಿಯ ಸೀಮೆಯವರಲ್ಲದವರಿಗೆ ಇಲ್ಲಿ ಗಂಜಿಯ ವಿಷಯ ಸ್ವಲ್ಪ ಹೇಳಬೇಕು. ಹುಣಸೆ ಬೀಜ ಕುಟ್ಟಿ, ಕುದಿಸಿ, ಅಂಟುಗಂಜಿ ಮಾಡಿ, ನೇಯುವ ಮೊದಲು ನೂಲಿಗೆ ಬಳಿಯುತ್ತಾರೆ. ಅದರಿಂದ ಎಳೆ ಗಟ್ಟಿಯಾಗುತ್ತದೆ. ಅದು ಕಸುಬು, ಅದರಲ್ಲಿ ತಪ್ಪಿಲ್ಲ. ಆದರೆ ನೂಲು ಉಳಿಸಲೆಂದು ಎಳೆಗಳನ್ನು ದೂರ ದೂರ ಬಿಟ್ಟು ಜಾಳಾಗಿ ನೇಯ್ದು, ನೇಯ್ದ ಮೇಲೆ ಎರಡನೆಯ ಬಾರಿ ಗಂಜಿಯನ್ನು ದಪ್ಪಗೆ ಮೆತ್ತಿ ಒಣಗಿಸಿದರೆ, ಆ ಜಾಳು ಬಟ್ಟೆಯೇ ಹಲಗೆಯ ಹಾಗೆ ನಿಲ್ಲುತ್ತದೆ. ಎತ್ತಿ ನೋಡಿದರೆ ಭಾರ, ಮುಟ್ಟಿ ನೋಡಿದರೆ ದಪ್ಪ. ಒಂದೆರಡು ದೊಡ್ಡ ಮಳೆ ಬಿದ್ದರೆ ಸಾಕು, ಗಂಜಿಯೆಲ್ಲ ಕರಗಿ ಹರಿದುಹೋಗುತ್ತದೆ. ಬಯಲಿನಲ್ಲಿ ಕುರಿಯ ಹಿಂದೆ ನಿಂತವನ ಮೈಮೇಲೆ ಉಳಿಯುವುದು ಬರೀ ಬಲೆ.

ಹೊಳಿಯವ್ವನ ಮನೆಯಲ್ಲಿ ಎರಡು ತರದ ಕಂಬಳಿಗಳಾಗುತ್ತಿದ್ದವು. ಒಂದು ಅಜ್ಜನವರ ಕಂಬಳಿ, ವರ್ಷಕ್ಕೆ ಒಂದು. ಉಳಿದವೆಲ್ಲ ಸಂತೆಯ ಕಂಬಳಿ. ಸಂತೆಯ ಕಂಬಳಿಗೆ ಎರಡನೆಯ ಗಂಜಿ ಕಾಯಿಸುವಾಗ ಆಕೆಯ ಕೈ ಒಂದು ದಿನವೂ ನಡುಗಲಿಲ್ಲ. ಹೇಗೆ ನಡುಗೀತು? ಸೋಮವಾರ ಒಪ್ಪೊತ್ತು ಮಾಡುವವಳು, ಇನ್ನೊಬ್ಬರ ಹೊಲದ ಒಂದು ಅವರೆಕಾಯಿ ಕಿತ್ತವಳಲ್ಲ, ನಾಲಿಗೆಯ ಮೇಲೆ ಸುಳ್ಳು ತಂದವಳಲ್ಲ. ಗಂಜಿಯ ವಿಷಯದಲ್ಲಿ ಸುಳ್ಳು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಸಂತೆಯಲ್ಲಿ ಮಾಳಪ್ಪ ಕೂಗುತ್ತಿದ್ದುದು ಇಷ್ಟೇ: "ಅಜ್ಜಾರ ಹೆಗಲ ಮ್ಯಾಲಿನ ಕಂಬಳಿ ಯಾರ ಮನೀದು, ಗೊತ್ತೈತೇನ್ರಿ? ಈ ಮನೀದು!" ಅದೂ ಸತ್ಯವೇ. ಕುರಿಯವರು ಬೇರೆ ಅಂಗಡಿ ಬಿಟ್ಟು ಇವರ ಅಂಗಡಿಗೆ ಬರುತ್ತಿದ್ದರು. ಮಹಾತ್ಮರ ಮೈ ಬೆಚ್ಚಗಿಟ್ಟ ಮನೆ ತಮ್ಮ ಮೈಯನ್ನು ತಣ್ಣಗೆ ಬಿಟ್ಟೀತೇ ಎಂದು ಆ ಬಡವರ ನಂಬಿಕೆ. ಆ ನಂಬಿಕೆಯನ್ನು ತೂಕಕ್ಕೆ ಹಾಕಿ ಮಾರಿದವರು ತಮ್ಮನ್ನು ಭಕ್ತರೆಂದು ಕರೆದುಕೊಂಡರು. ಇಂಥ ಭಕ್ತಿಯನ್ನು ಕಂಡರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಆ ವರ್ಷ ಕಾರಹುಣ್ಣಿಮೆಗೆ ಕಂಬಳಿ ಹೊದಿಸಿ, ಹೊಳಿಯವ್ವ ತಂಗಿಯ ಮಗಳ ಮದುವೆಗೆಂದು ತವರಿಗೆ ಹೋದಳು. ಎರಡು ವಾರ ಕಳೆದು ತಿರುಗಿ ಬಂದವಳು, ಬಂದ ಮರುದಿನವೇ ಮಧ್ಯಾಹ್ನ ಉಣ್ಣೆ ನೋಡಲು ಊರಾಚೆಯ ಕುರಿಹಟ್ಟಿಗೆ ಹೊರಟಳು. ಅಲ್ಲಿ ಜಾಲಿಯ ಮರದ ಕೆಳಗೆ ಕುರಿಯವರ ಸೊಸೆ ಕೆಂಚವ್ವ ಎರಡು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕೂಸನ್ನು ಸುತ್ತಿದ್ದ ಕಂಬಳಿಯ ಮೇಲೆ ಕಣ್ಣು ಬಿದ್ದದ್ದೇ ಹೊಳಿಯವ್ವ ನಿಂತುಬಿಟ್ಟಳು. ತಾನು ನೂತ ಎಳೆ ತನಗೆ ಗೊತ್ತಾಗದೆ? ಹತ್ತು ತಿಂಗಳು ಬೆರಳಿನ ಮೇಲೆ ಹರಿದಾಡಿದ ಎಳೆ.

"ಏ ಕೆಂಚವ್ವಾ! ಆ ಕಂಬಳಿ ಎಲ್ಲೀದು?"

"ಅಜ್ಜಾರು ಕೊಟ್ಟಾರ ಯಕ್ಕಾ."

"ಅಜ್ಜಾರು ಕೊಟ್ಟಾರ! ನೀ ಕೇಳಿದಿ, ಅವರು ಕೊಟ್ರು. ಕೇಳಾಕ ನಿನಗ ಬಾಯರ ಹೆಂಗ ಬಂತು? ಒಂದು ದಿನ ಬಿಡದಂಗ ಮೈ ತೊಳಕೊಂಡು ಕುಂತು ನೂತೀನಿ ಅದನ್ನ. ನಿನ್ನ ಕೂಸಿನ ಉಚ್ಚಿ ಹೀರಲಿ ಅಂತ ನೂತೀನೇನು?"

"ಕೂಸು ಈಗರ ಕಣ್ಣು ಮುಚ್ಚೇತಿ. ಸಣ್ಣ ದನಿಲೆ ಬೈ."

"ಬೈತೀನಿ, ಊರಿಗೆಲ್ಲಾ ಕೇಳುವಂಗ ಬೈತೀನಿ! ಮಹಾತ್ಮರ ಮೈಮ್ಯಾಲಿನ ಅರಿವಿ ಬಿಚ್ಚಿಸಿಕೊಂಡು ಬಂದಾಕಿ ನೀ. ಸಂತ್ಯಾಗ ಹೋಗಿ ಒಂದು ಕಂಬಳಿ ತರಾಕ ಏನಾಗಿತ್ತು?"

ಕೆಂಚವ್ವ ತಲೆಯೆತ್ತಿ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಆದರೆ ಅದನ್ನು ನುಂಗಿದಳು. "ತಂದಿದ್ದೆ" ಎಂದಳು. "ಮುಂದಿಂದು ಹೇಳಬ್ಯಾಡ ಅಂತ ಅಜ್ಜಾರು ಆಣಿ ಮಾಡಿಸ್ಯಾರ. ಅವರನ್ನೇ ಹೋಗಿ ಕೇಳು."

ಹೊಳಿಯವ್ವ ಉಣ್ಣೆಯನ್ನು ಮರೆತಳು. ಹೊಲದ ಬದುವಿನ ಮೇಲೆ ದಾಪುಗಾಲು ಹಾಕುತ್ತ ಹಳ್ಳದ ಕಡೆಗೆ ನಡೆದಳು. ಆರಿದ್ರಾ ಮಳೆಯ ಮೋಡ ಅದಾಗಲೇ ತಲೆಯ ಮೇಲೆ ಬಂದಿತ್ತು. ದಾರಿಯುದ್ದಕ್ಕೂ ಒಳಗೊಳಗೇ ಅಜ್ಜನವರೊಡನೆ ಜಗಳ. ಕೊಟ್ಟದ್ದನ್ನು ಕೊಡುವುದೆಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗಲ್ಲವೇ? ಮುಂದಿನ ಹುಣ್ಣಿಮೆಗೆ ಬರುವ ನಾಲ್ಕೂರ ಮಂದಿ, "ಮಾಳಪ್ಪನ ಮನಿ ಕಂಬಳಿ ಅಜ್ಜಾರಿಗೆ ಒಲ್ಲದಾತಂತ" ಎಂದರೆ ತನ್ನ ಮನೆಯ ಮರ್ಯಾದೆ ಏನಾಯಿತು? ಸೇವೆ ತಪ್ಪಿ ಇನ್ನೊಬ್ಬರ ಮನೆಗೆ ಹೋದರೆ? ಅದನ್ನು ನೆನೆದಾಗ ಆಕೆಗೆ ಅಳುವೇ ಬಂತು. ಅಳುವನ್ನು ಸಿಟ್ಟು ಒರಸಿ ಹಾಕಿತು.

ಮಂಟಪ ಮುಟ್ಟುವಾಗ ಮಳೆ ಸುರಿಯುತ್ತಿತ್ತು. ಒಳಗೆ ಯಾರದೋ ಕುರಿಗಳು ಬಂದು ನಿಂತಿದ್ದವು. ಅವುಗಳಿಗೆ ಜಾಗ ಬಿಟ್ಟುಕೊಟ್ಟು ಅಜ್ಜನವರು ಚಪ್ಪಡಿಯ ಅಂಚಿಗೆ ಸರಿದು ಕುಳಿತಿದ್ದರು. ಮಳೆ ನೇರವಾಗಿ ಅವರ ಮೇಲೆ ಬೀಳುತ್ತಿತ್ತು. ಕೈಯಲ್ಲಿ ಪುಂಡಿನಾರು ಇತ್ತು, ಬೆರಳು ಹೊಸೆಯುತ್ತಲೇ ಇತ್ತು.

ಹೊಳಿಯವ್ವ ಬಾಯಿ ತೆರೆದಳು. ಆಗಲೇ ಅಜ್ಜನವರು ಹೊದ್ದದ್ದನ್ನು ಕಂಡಳು. ಎಳೆ ಎಳೆಯ ನಡುವೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಅಜ್ಜನವರ ಮುದಿ ಹೆಗಲಿನ ಎಲುಬು ಕಾಣುತ್ತಿತ್ತು. ಇನ್ನೂ ಉಳಿದಿದ್ದ ಬೂದು ಬಣ್ಣದ ಅಂಟು ಕರಗಿ ಅವರ ಎದೆಯ ಮೇಲಿನಿಂದ, ಮೊಣಕೈಯಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಬಿಳಿಯ ಗಡ್ಡ ಅದೇ ಅಂಟಿಗೆ ಮೆತ್ತಿಕೊಂಡಿತ್ತು.

ಆಕೆಯ ಸಿಟ್ಟು ಒಮ್ಮೆಲೇ ದಿಕ್ಕು ಬದಲಿಸಿತು.

"ಇದೇನ್ರಿ ಅಜ್ಜಾರ! ಇದಕ್ಕ ಕಂಬಳಿ ಅಂತಾರೇನ್ರಿ? ಇದರಾಗ ಹಳ್ಳದ ಮೀನ ಹಿಡೀಬಹುದು!" ಎನ್ನುತ್ತ ಹತ್ತಿರ ಹೋಗಿ ಕಂಬಳಿಯ ಸೆರಗನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿದಳು. ಕಸುಬಿನ ಕೈಗೆ ಎಲ್ಲವೂ ಗೊತ್ತಾಯಿತು. "ಜಾಳು ನೇಯ್ದು, ಮ್ಯಾಲೆ ಎರಡನೇ ಗಂಜಿ ಮೆತ್ತ್ಯಾರ. ಮೆತ್ತ್ಯಾರಂದ್ರ ಗ್ವಾಡಿಗೆ ಸೆಗಣಿ ಮೆತ್ತಿದಂಗ ಮೆತ್ತ್ಯಾರ. ಯಾರ ಮನೀದ್ರಿ ಇದು? ಹೆಸರು ಹೇಳ್ರಿ. ಅವರ ಅಂಗಳದಾಗ ನಿಂತು ಉಗುಳಿ ಬರತೀನಿ!"

ತಾನೂ ಅದನ್ನೇ ಮಾಡುವವಳೆಂದು ಆಕೆಗೆ ಆಗ ಏಕೆ ಹೊಳೆಯಲಿಲ್ಲ ಎಂದು ಓದುವವರಿಗೆ ಅನಿಸಬಹುದು. ನಮಗೂ ಹೊಳೆಯುವುದಿಲ್ಲ. ನಾವು ಮೆತ್ತಿದ ಗಂಜಿಗೆ ವ್ಯಾಪಾರವೆಂದು ಹೆಸರು, ಇನ್ನೊಬ್ಬರು ಮೆತ್ತಿದರೆ ಅದಕ್ಕೆ ಮೋಸವೆಂದು ಹೆಸರು.

ಅಜ್ಜನವರು ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಹೆಂಥಾ ಮಂದಿ ಇರಬಹುದು ಅವರು?" ಎಂದು ಕೇಳಿದರು.

"ಮಂದಿ ಅಂತೀರೇನ್ರಿ ಅವರಿಗೆ? ನಡತಿ ಇಲ್ದ ಮನಿಗೇಡಿಗಳು."

"ದೇವರು ದಿಂಡರ ಮ್ಯಾಲೆ ಭಕ್ತಿ ಇದ್ದವರೇನೋ."

"ಇರವಲ್ಲದ್ಯಾಕ! ಇಂಥಾದ್ದು ಮಾಡಿ ಹಣಿಗೆ ಭಂಡಾರ ಹಚ್ಚಿದ್ರ ಅದು ಭಂಡಾರ ಅಲ್ರಿ, ಬರೇ ಅರಿಷಿಣ."

ಆಗ ಅಜ್ಜನವರು ಕೈಯಲ್ಲಿದ್ದ ನಾರನ್ನು ಕೆಳಗಿಟ್ಟರು. ಎಡಗಾಲನ್ನು ಸ್ವಲ್ಪ ಎತ್ತಿ, ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದ ಕಂಬಳಿಯ ಮೂಲೆಯನ್ನು ಹೊರಗೆ ಎಳೆದು ಹೊಳಿಯವ್ವನ ಕೈಗೆ ಕೊಟ್ಟರು.

ಆ ಮೂಲೆ ಮಾತ್ರ ಒಣಗಿತ್ತು. ಅಲ್ಲಿಯ ಗಂಜಿ ಪೂರ್ತಿ ಕರಗದೆ ಉಳಿದು ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅದರ ತುದಿಯಲ್ಲಿ ಕೆಂಪು ನೂಲಿನ ಮೂರು ಗಂಟುಗಳಿದ್ದವು.

ಹೊಳಿಯವ್ವ ಗಂಟುಗಳನ್ನು ನೋಡಿದಳು. ಮುಟ್ಟಿದಳು. ಮೂರನೆಯ ಗಂಟನ್ನು ಒಳಗಿನಿಂದ ತಿರುವಿ ಹಾಕುವುದು ಆಕೆಗೆ ಆಕೆಯ ತಾಯಿ ಕಲಿಸಿದ್ದು. ಊರಿನಲ್ಲಿ ಇನ್ನಾರಿಗೂ ಬಾರದು. ಆಕೆ ಅಲ್ಲಿಯೇ, ಮಳೆಯ ನೀರಿನಲ್ಲಿ, ಕುಳಿತಳು.

ಅಜ್ಜನವರು ಮಾತಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ದನಿ ಆ ದಿನದಷ್ಟು ಬಿರುಸಾದದ್ದನ್ನು ಯಾರೂ ಕೇಳಿರಲಿಲ್ಲ.

"ಹುಣ್ಣಿಮಿ ಆಗಿ ಆರನೇ ದಿನ ಆಲಿಕಲ್ಲಿನ ಮಳಿ ಬಂತು. ಕೆಂಚವ್ವ ಕೂಸಿನ್ನ ಎತ್ತಿಕೊಂಡು ಬಯಲಾಗ ಇದ್ದಳು. ಇದನ್ನ ಹೊದ್ದಿದ್ದಳು. ನನ್ನ ಹೆಗಲು ತೋರಿಸಿ ನೀವು ಆಕಿಗೆ ಮಾರಿದ್ದು ಇದು. ಇಲ್ಲಿಗೆ ಓಡಿ ಬರೋದರಾಗ ಕೂಸಿನ ತುಟಿ ನೀಲಿ ಆಗಿದ್ದವು. ಅಳಾಕ ಬಾಯಿ ತೆರೀತಿತ್ತು, ದನಿ ಬರತಿರಲಿಲ್ಲ. ನಾ ಬೆಚ್ಚಗ ಕುಂತಿದ್ದೆ, ತಾಯಿ. ನಿನ್ನ ಕಂಬಳ್ಯಾಗ ನನಗೊಂದು ಹನಿ ತಾಗಿರಲಿಲ್ಲ. ಆ ಕಾವು ನನ್ನ ಮೈ ಸುಟ್ಟತು."

ಹೊಳಿಯವ್ವ ಗಂಟುಗಳನ್ನು ಮುಷ್ಟಿಯಲ್ಲಿ ಮುಚ್ಚಿದಳು.

"ನನಗ ಹೊದಿಸಿದ್ದು ನಿನ್ನ ಭಕ್ತಿ. ಆಕಿಗೆ ಮಾರಿದ್ದು ನಿನ್ನ ನಡತಿ. ಎರಡೂ ಮೈಮ್ಯಾಲೆ ಹಾಕ್ಕೊಂಡು ನೋಡೀನಿ ನಾ."

ಮಳೆ ಹೊಯ್ಯುತ್ತಿತ್ತು. ಒಂದು ಕುರಿ ಕೆಮ್ಮಿತು. ಅದರ ಹಿಂದೆಯೇ ಅಜ್ಜನವರೂ ಕೆಮ್ಮಿದರು. ಆಗಲೇ ಹೊಳಿಯವ್ವನಿಗೆ ಇನ್ನೊಂದು ವಿಷಯ ಹೊಳೆದದ್ದು. ಒಣಗಿದ ಆ ಮೂಲೆಯ ಮೇಲೆ ಚಪ್ಪಡಿಯ ಒರಟು ಕಲ್ಲಿನ ಅಚ್ಚು ಬಿದ್ದಿತ್ತು. ಹಾಗೆ ಅಚ್ಚು ಬೀಳಬೇಕಾದರೆ ಎಷ್ಟು ದಿನ ಅದರ ಮೇಲೆ ಕುಳಿತಿರಬೇಕು!

"ಅಜ್ಜಾರ, ಈ ಗುರುತು... ಯಾರೂ ನೋಡಲಿಲ್ಲೇನ್ರಿ?"

"ಕೇಳಿದರು, ಯಾರ ಮನೀದು ಅಂತ. ದಿನಾ ಕೇಳಿದರು. ಅವರಿಗ್ಯಾಕ ತೋರಿಸಲಿ? ತೋರಿಸಬೇಕಾಗಿದ್ದು ನಿನಗ."

ಮೈಯೆಲ್ಲ ತೋಯುತ್ತಿದ್ದರೂ ಆ ಮಹಾನುಭಾವರು ಅಂಗೈಯಗಲದ ಒಂದು ಮೂಲೆಯನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡು, ಮೋಸ ಮಾಡಿದ ಮನೆಯ ಮಾನವನ್ನು ಅಷ್ಟು ದಿನ ಕಾದಿದ್ದರು. ಆಕೆ ಅವರ ಮಾನವನ್ನು ಸಂತೆಯಲ್ಲಿ ಕೂಗಿಸಿ ಮಾರಿದ್ದಳು.

"ಬಿಚ್ಚಿ ಕೊಡ್ರಿ ಅಜ್ಜಾರ" ಎಂದು ಆಕೆ ಬಿಕ್ಕಿದಳು. "ಒಯ್ದು ಒಲಿಗೆ ಹಾಕತೀನಿ. ನಾಳೆ ಬ್ಯಾರೆ ತರತೀನಿ."

"ನಾಳೆ ತರುವಂಥಾದ್ದು ನಿನ್ನ ಮನ್ಯಾಗ ಐತೇನು?"

ಮನೆಯಲ್ಲಿ ಕಂಬಳಿಗಳ ಆಳೆತ್ತರದ ಒಟ್ಟಿಲು ಇತ್ತು, ಗುರುವಾರದ ಸಂತೆಗೆ ಸಿದ್ಧವಾಗಿ. ಅದರಲ್ಲಿ ಒಂದನ್ನೂ ತರುವಂತಿರಲಿಲ್ಲ.

"ಬರೋ ಕಾರಹುಣ್ಣಿಮಿ ತನಕ ಇದು ನನ್ನ ಮೈಮ್ಯಾಲೇ ಇರಲಿ" ಎಂದು ಅಜ್ಜನವರು ಆ ಮೂಲೆಯನ್ನು ತಿರುಗಿ ತೊಡೆಯ ಕೆಳಗೆ ಸೇರಿಸಿಕೊಂಡು ನಾರನ್ನು ಕೈಗೆತ್ತಿಕೊಂಡರು. "ಮಂದಿ ಹೊದ್ದದ್ದು ನನಗೂ ಆಗತೈತಿ."

ಮನೆಗೆ ಬಂದ ಹೊಳಿಯವ್ವ ಒದ್ದೆ ಸೀರೆಯನ್ನೂ ಬದಲಿಸಲಿಲ್ಲ. ಒಲೆಯ ಮೇಲೆ ಗಂಜಿಯ ಗಡಿಗೆ ಕುದಿಯುತ್ತಿತ್ತು. ಅದನ್ನು ಇಳಿಸಿ ತಿಪ್ಪೆಗೆ ಸುರುವಿ ಬಂದಳು. ಮಗ್ಗದ ಕುಣಿಯಲ್ಲಿ ಕುಳಿತಿದ್ದ ಮಾಳಪ್ಪ, "ಏ, ತಲಿಗಿಲಿ ಕೆಟ್ಟೇತೇನು ನಿನಗ?" ಎಂದು ಕೂಗಿದ.

ಆಕೆ ನಡೆದದ್ದನ್ನೆಲ್ಲ ಹೇಳಿದಳು. ಮಾಳಪ್ಪ ಕೇಳಿದ, ಆಮೇಲೆ ಲಾಳಿಯನ್ನು ಮತ್ತೆ ಎಸೆದ. "ಊರಾಗ ಎಲ್ಲಾರೂ ಮೆತ್ತತಾರ. ನಾವೊಬ್ಬರೇ ಸತ್ಯವಂತರಾಗಿ ಉಪಾಸ ಬೀಳೂಣೇನು? ಅಜ್ಜಾರಿಗೇನಲೇ, ಹೊಟ್ಟಿ ಒಂದೇ ಐತಿ. ನಮಗ ಆರು ಅದಾವ."

ಹೊಳಿಯವ್ವ ಒಟ್ಟಿಲಿನ ಮೇಲಿನ ಕಂಬಳಿಯೊಂದನ್ನು ಎಳೆದು, ದನ ನೀರು ಕುಡಿಯುವ ದೋಣಿಯಲ್ಲಿ ಅದ್ದಿ, ತಂದು ಗಂಡನ ಹೆಗಲ ಮೇಲೆ ಎಸೆದಳು.

"ಅಂಗಳದಾಗ ಹೋಗಿ ಕುಂದರ್ರಿ, ಮಳ್ಯಾಗ. ಒಂದು ತಾಸು ಕುಂತು ಬಂದು ಇದೇ ಮಾತು ಹೇಳ್ರಿ, ನಾನೇ ಗಂಜಿ ಕಾಸಿ ಕೊಡತೀನಿ."

ಮಾಳಪ್ಪ ಹಠದ ಮನುಷ್ಯ. ಹೋಗಿ ಕುಳಿತ. ಒಲೆಯ ಮೇಲೆ ರೊಟ್ಟಿ ಎರಡು ಆಗುವುದರೊಳಗೆ ಎದ್ದು ಬಂದ. "ಥೂ, ಮೈಗೆಲ್ಲಾ ಅಂಟತೈತಿ. ಹಾವು ಹರದಂಗ ಆಗತೈತಿ" ಎಂದು ಕಿತ್ತು ಎಸೆದ.

"ಕೆಂಚವ್ವನ ಕೂಸಿಗೂ ಅಂಟಿತ್ತು" ಎಂದಳು ಹೊಳಿಯವ್ವ. "ನಿಮಗ ಬೈಯಾಕ ನನಗೇನು ಬಾಯಿ ಐತಿ? ನೇಯ್ದವರು ನೀವು, ಗಂಜಿ ಕಾಸಿದಾಕಿ ನಾನು. ಮೂರು ಗಂಟು ಹಾಕಿದ್ದು ಈ ಕೈ."

ಮಾಳಪ್ಪ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

ಗುರುವಾರ ಸಂತೆಯಲ್ಲಿ ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಹೊಳಿಯವ್ವ ಅಂಗಡಿಯ ಮುಂದೆ ದೊಡ್ಡ ತಾಮ್ರದ ಹಂಡೆ ಇಟ್ಟು ನೀರು ತುಂಬಿದಳು. ಕೊಳ್ಳಲು ಬಂದ ಕುರಿಯವರ ಕಣ್ಣೆದುರಿಗೇ ತನ್ನ ಒಟ್ಟಿಲಿನ ಕಂಬಳಿಗಳನ್ನು ಒಂದೊಂದಾಗಿ ಎತ್ತಿ ನೀರಿಗೆ ಹಾಕಿ ತಿಕ್ಕಿದಳು. ನೀರು ಅಂಬಲಿಯಾಯಿತು. ಹಿಂಡಿ ಮೇಲೆತ್ತಿದಾಗ ಆಚೆಯ ಕಡೆ ನಿಂತವರ ಮೀಸೆ ಈಚೆಯವರಿಗೆ ಕಾಣುತ್ತಿತ್ತು.

"ಇದು ನಮ್ಮ ಮನೀದು, ನೋಡ್ರಿ. ಇದೂ ನಮ್ಮ ಮನೀದೇ. ನಿಮಗ ಮಾರಿದ್ದು ಇಂಥಾವೇ" ಎಂದು ಪ್ರತಿಯೊಂದನ್ನೂ ಎತ್ತಿ ಹಿಡಿದು ಹೇಳಿದಳು. "ಒಯ್ದವರು ತಿರುಗಿ ತರ್ರಿ. ಎರಡು ಜಾಳು ಸೇರಿಸಿ ಒಂದು ಹೊಲದು ಕೊಡತೀನಿ. ಅದೂ ಸಾಲದಿದ್ರ ಹೊಸಾದು ನೇಯ್ದು ಕೊಡತೀವಿ."

ಸಂತೆಯೆಲ್ಲ ಅಲ್ಲಿ ಕೂಡಿತು. ಕೆಲವರು ನಕ್ಕರು. ಒಬ್ಬ ಮುದುಕ ಕುರಿಗಾರ ಕೋಲು ನೆಲಕ್ಕೆ ಕುಟ್ಟಿ, "ನನ್ನ ಎದಿಯಾಗ ಥಂಡಿ ಕುಂತದ್ದು ನಿನ್ನ ದೆಸಿಂದೇನವಾ?" ಎಂದು ಬೈದ. ಆಕೆ ತಲೆ ಬಗ್ಗಿಸಿ, "ಹೌದೋ ಯಪ್ಪಾ" ಎಂದಳು. ಪಕ್ಕದ ಅಂಗಡಿಯ ಫಕ್ಕೀರಪ್ಪ ಮಾತ್ರ ಮುಖ ಕೆಂಪಗೆ ಮಾಡಿಕೊಂಡಿದ್ದ.

"ಹೊಳಿಯವ್ವಾ, ನಿನ್ನ ಹೊಲಸು ನೀ ನಿನ್ನ ಅಂಗಳದಾಗ ತೊಳಕೋ. ನಮ್ಮ ಅಂಗಡಿ ಮುಂದ ಯಾಕ ನೀರು ಚೆಲ್ಲತಿ?"

"ಫಕ್ಕೀರಪ್ಪಣ್ಣಾ, ಹಂಡೇದಾಗ ಜಾಗ ಐತಿ. ನಿನ್ನವೂ ತಾ. ಬಿಸಲು ಚಲೋ ಐತಿ, ಲಗೂನ ಒಣಗತಾವ."

ಜನ ಗೊಳ್ಳೆಂದು ನಕ್ಕರು. ಫಕ್ಕೀರಪ್ಪ ನಗಲಿಲ್ಲ, ಕಂಬಳಿ ತರಲೂ ಇಲ್ಲ. ಆದರೆ ಆ ದಿನ ಅವನ ಅಂಗಡಿಯ ಮುಂದೆ ನಿಂತ ಮೊದಲ ಕುರಿಗಾರ ಕಂಬಳಿ ಮುಟ್ಟುವ ಮೊದಲು, "ಒಂದು ಚರಿಗಿ ನೀರು ಕೊಡಪಾ" ಎಂದ. ಕುಡಿಯಲು ಅಲ್ಲವೆಂದು ಫಕ್ಕೀರಪ್ಪನಿಗೆ ತಿಳಿಯಿತು. ಆಮೇಲೆ ಆ ಸಂತೆಯಲ್ಲಿ ನೀರಿನ ಹಂಡೆಯಿಲ್ಲದೆ ಕಂಬಳಿಯ ಅಂಗಡಿ ಹಾಕುವುದು ಕಷ್ಟವಾಯಿತು.

ಅದೇ ಸಂಜೆ ಹೊಳಿಯವ್ವ ಕುರಿಹಟ್ಟಿಗೆ ಹೋಗಿ ಕೆಂಚವ್ವನ ಮುಂದೆ ನಿಂತಳು. ಕೆಂಚವ್ವ ಆಕೆಯ ಮುಖ ನೋಡಿ, ಏನೂ ಕೇಳದೆ, ಕೂಸನ್ನು ಆಕೆಯ ಮಡಿಲಿಗೆ ಹಾಕಿದಳು. ಕೂಸು ಬೆಚ್ಚಗಿತ್ತು. ಮರಿಗಳ ಮೊದಲ ಕತ್ತರಿಯ ಉಣ್ಣೆಯೊಳಗಿಂದ ಅದು ಕಾಲು ಹೊರಗೆ ಹಾಕಿ ಹೊಳಿಯವ್ವನ ಹೊಟ್ಟೆಗೆ ಒದೆಯಿತು.

"ಒದಿ" ಎಂದಳು ಹೊಳಿಯವ್ವ. "ಇನ್ನೊಂದು ಒದಿ."

ಆ ಮಳೆಗಾಲ ಆ ದಂಪತಿಗಳಿಗೆ ಕಠಿಣವಾಯಿತು. ತಿರುಗಿ ಬಂದ ಕಂಬಳಿಗಳನ್ನು ಜೋಡಿಸಿ ಹೊಲಿಯುವುದರಲ್ಲೇ ದಿನ ಹೋಗುತ್ತಿತ್ತು. ಮನೆಯಲ್ಲಿ ರೊಟ್ಟಿ ಕಡಿಮೆಯಾಯಿತು. ಆದರೆ ಆಕೆಗೆ ಅದಕ್ಕಿಂತ ಕಠಿಣವಾದದ್ದು ಹಳ್ಳದ ದಾರಿ. ನೀರಿಗೆ ಹೋದಾಗಲೆಲ್ಲ ಕಾಣುತ್ತಿತ್ತು: ಜಾಳು ಕಂಬಳಿಯೊಳಗೆ ಕುಳಿತ ಅಜ್ಜನವರು, ತೊಡೆಯ ಕೆಳಗೆ ಒತ್ತಿದ ಆ ಮೂಲೆ. ನಾಲ್ಕು ತಿಂಗಳು ಅದನ್ನು ನೋಡುತ್ತ ಆಕೆ ನೀರು ಹೊತ್ತಳು. ಮಾಳಪ್ಪ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದ. ಆದರೆ ಮಗ್ಗದಲ್ಲಿ ಅವನ ಕೈ ಬಿಗಿಯಾಗಿತ್ತು. ಯಾರೂ ಹೇಳದೆಯೇ ಎಳೆಯ ಪಕ್ಕಕ್ಕೆ ಎಳೆ ಒತ್ತಿ ಕೂಡಿಸುತ್ತಿದ್ದ.

ಮರುವರ್ಷದ ಕಾರಹುಣ್ಣಿಮೆ ಬಂತು. ಸುತ್ತಲಿನ ಊರುಗಳ ಜನ ಮಂಟಪದ ಮುಂದೆ ಕೂಡಿದ್ದರು. ಕುರಿಹಟ್ಟಿಯವರೂ ಬಂದಿದ್ದರು. ಕೆಂಚವ್ವನ ಸೊಂಟದ ಮೇಲೆ ಕೂಸು ಕುಳಿತು ಭಂಡಾರಕ್ಕೆ ಕೈ ಚಾಚುತ್ತಿತ್ತು. ಮಾಳಪ್ಪ ತಲೆಯ ಮೇಲೆ ದೊಡ್ಡ ಗಂಟು ಹೊತ್ತು ತಂದು ಅಜ್ಜನವರ ಮುಂದೆ ಇಳಿಸಿದ. ಹೊಳಿಯವ್ವ ಬಿಚ್ಚಿದಳು. ಒಂದರ ಮೇಲೊಂದು ಒಂಬತ್ತು ಕಂಬಳಿ.

ಅಜ್ಜನವರು ನೋಡಿದರು. "ಇದರಾಗ ನನ್ನದು ಯಾವುದವ್ವಾ?"

"ಗೊತ್ತಿಲ್ರಿ ಅಜ್ಜಾರ" ಎಂದಳು ಹೊಳಿಯವ್ವ. "ಬ್ಯಾರೆ ಅಂತ ನೂತಿಲ್ಲ, ಬ್ಯಾರೆ ಅಂತ ನೇಯ್ದಿಲ್ಲ. ನೀವು ಎಳಕೊಂಡದ್ದು ನಿಮ್ಮದು. ಉಳಿದವು ಗುರುವಾರದ ಸಂತಿಗೆ."

ಅಜ್ಜನವರು ಕಣ್ಣು ಮುಚ್ಚಿ ಕೈಯಾಡಿಸಿ ನಡುವಿನದೊಂದನ್ನು ಎಳೆದರು. ಎದ್ದು ಹಳ್ಳಕ್ಕಿಳಿದು ಅದನ್ನು ನೀರಿನಲ್ಲಿ ಮೂರು ಸಲ ಅದ್ದಿದರು. ಮೇಲೆತ್ತಿ ಸೂರ್ಯನಿಗೆ ಎದುರಾಗಿ ಹಿಡಿದರು. ಕಂಬಳಿಯಿಂದ ಇಳಿದ ನೀರು ತಿಳಿಯಾಗಿತ್ತು. ಕಂಬಳಿಯ ಹಿಂದೆ ಸೂರ್ಯ ಕಾಣಲಿಲ್ಲ.

ತಿರುಗಿ ಬಂದು, ಒಂದು ವರ್ಷ ಹೊದ್ದ ಜಾಳನ್ನು ಮೈಮೇಲಿನಿಂದ ತೆಗೆದು ಮಡಿಚಿ ಹೊಳಿಯವ್ವನ ಕೈಗೆ ಕೊಟ್ಟರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು. ಜೀವವಿರುವ ತನಕ ರಾಟೆಯ ಮುಂದೆ ಅದನ್ನೇ ಹಾಸಿಕೊಂಡು ಕುಳಿತಳು.

ಅಜ್ಜನವರು ಹೊಸ ಕಂಬಳಿಯನ್ನು ನೀರಿಳಿಯುತ್ತಿರುವಂತೆಯೇ ಹೊದ್ದು ತಮ್ಮ ಚಪ್ಪಡಿಯ ಮೇಲೆ ಕುಳಿತರು. ಮೂಲೆಯನ್ನು ಹುಡುಕಿ ಹಿಡಿದರು. ಹೊಳಿಯವ್ವನ ಕಣ್ಣು ಅವರ ತೊಡೆಯ ಕಡೆಗೆ ಹೋಯಿತು. ಆದರೆ ಅವರು ಆ ಮೂಲೆಯನ್ನು ಎತ್ತಿ, ಎಡಹೆಗಲ ಮೇಲಿನಿಂದ ಎದೆಗೆ ಇಳಿಬಿಟ್ಟು, ಮೂರು ಕೆಂಪು ಗಂಟುಗಳು ಕೂಡಿದ ಎಲ್ಲರಿಗೂ ಕಾಣುವಂತೆ ಅಂಗೈಯಿಂದ ಸವರಿ ಸರಿ ಮಾಡಿದರು. ಆಮೇಲೆ ಪುಂಡಿನಾರು ಎತ್ತಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ಮಾಳಪ್ಪನ ಕೈಗೆ ಕೊಟ್ಟರು.